ಬ್ಲಾಗೂನಾಳ ಹಸಿರು ಚುಕ್ಕೆ

ಬ್ಲಾಗೂನಾಳನ್ನು ಯಾರಾದರೂ ಪೆದ್ದಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಕೆಳಕೇರಿಯಲ್ಲಿ ಹಾಗನ್ನುವವರಿಗೇನೂ ಬರವಿಲ್ಲ. ಕೆಲವರಂತೂ ನನ್ನ ಪಾರ್ಲರಿನ ಕುರ್ಚಿಯಲ್ಲೇ ಕೂತು, ನನ್ನ ಕೈಗೇ ತಲೆ ಕೊಟ್ಟು ಅನ್ನುತ್ತಾರೆ. ಆಗ ನಾನು ಬಾಚಣಿಗೆಯನ್ನು ಸ್ವಲ್ಪ ಜೋರಾಗಿಯೇ ಎಳೆಯುತ್ತೇನೆ. "ಅಯ್ಯೋ ಲೆತ್ಕಾ, ಮೆಲ್ಲಗೆ ಮಾರಾಯ್ತಿ!" ಅಂದರೆ, "ಸಿಕ್ಕಾಗಿತ್ತು, ಬಿಡಿಸ್ದೆ" ಅನ್ನುತ್ತೇನೆ. ಬ್ಲಾಗೂನಾಳ ಅಡುಗೆಮನೆಗೂ ನನ್ನ ಪಾರ್ಲರಿಗೂ ನಡುವೆ ಇರುವುದು ಒಂದೇ ಗೋಡೆ. ಅವಳು ಕಾಫಿ ಕುದಿಸಿದರೆ ಇತ್ತ ನನ್ನ ಮೂಗಿಗೆ ಗೊತ್ತಾಗುತ್ತದೆ, ಗೋಡೆ ತಟ್ಟಿ "ನಂಗೂ ಒಂದು" ಎಂದು ಕೂಗುತ್ತೇನೆ. ಹಾಗಾಗಿ ನಾನು ಹೇಳುತ್ತಿರುವುದು ಅವರಿವರ ಬಾಯಿಂದ ಕೇಳಿದ್ದಲ್ಲ.

ಅವಳು ಬೆಟ್ಟದ ಮೇಲಿನ ಹಳ್ಳಿಯವಳು, ಗ್ಲಿಗೋರನನ್ನು ಮದುವೆಯಾಗಿ ಈ ಕೇರಿಗೆ ಬಂದವಳು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರು ಹೊಲಿಯುತ್ತಿದ್ದಳು. ದೇಶ ಒಡೆದು ಹೋಳಾದ ಮೇಲೆ ಆ ಕಾರ್ಖಾನೆಯನ್ನು ಯಾರೋ ಕೊಂಡರು, ಇನ್ಯಾರೋ ಮಾರಿದರು, ಕೊನೆಗೆ ಹೊಲಿಗೆಯಂತ್ರಗಳನ್ನೂ ಹೊತ್ತುಕೊಂಡು ಹೋದರು. ಆಮೇಲೆ ಅವಳು ಮನೆಯಲ್ಲೇ ಕೂತು ಪರದೆ ಹೊಲಿದಳು, ಕ್ರೋಶಾ ಹೆಣೆದಳು. ಅವಳ ಹೆಣಿಗೆಯ ಟೇಬಲ್ ಬಟ್ಟೆ ಇಲ್ಲದೆ ನಮ್ಮ ಕೇರಿಯ ಯಾವ ಹುಡುಗಿಯೂ ಗಂಡನ ಮನೆಗೆ ಹೋದದ್ದಿಲ್ಲ.

ಆದರೆ ಅವಳ ನಿಜವಾದ ಉದ್ಯೋಗ ಒರೆಸುವುದು. ನಮ್ಮ ಕೇರಿಯ ತಲೆಯ ಮೇಲೇ ಲೋಹ ಕರಗಿಸುವ ಕಾರ್ಖಾನೆ ನಿಂತಿದೆ. ಅದರ ಧೂಳು ಕಿಟಕಿಯ ಮೇಲೆ, ಎಲೆಕೋಸಿನ ಮೇಲೆ, ಮಗುವಿನ ಟೊಪ್ಪಿಯ ಮೇಲೆ ಕೂರುತ್ತದೆ. ಉಳಿದವರು ಒಂದಷ್ಟು ವರ್ಷ ಒರೆಸಿ ಸೋತು ಕೈಬಿಟ್ಟರು. ಬ್ಲಾಗೂನಾ ಬಿಡಲಿಲ್ಲ. ಬೆಳಗಾಗೆದ್ದು ಬಾಲ್ಕನಿ ತೊಳೆದು, ಮೆಟ್ಟಿಲು ತೊಳೆದು, ಅದೂ ಸಾಲದೆ ಬೀದಿದೀಪದ ಕಂಬವನ್ನು ತನ್ನ ಕೈಗೆಟುಕುವಷ್ಟು ಎತ್ತರದವರೆಗೆ ತೊಳೆಯುತ್ತಿದ್ದಳು. ಗಂಡ ಕೆಲಸ ಮುಗಿಸಿ ಬಂದರೆ ಅಂಗಳದಲ್ಲೇ ಬಟ್ಟೆ ಬಿಚ್ಚಿಸಿ, ಬಕೆಟ್ ನೀರು ಸುರಿದು, ಆಮೇಲೆ ಒಳಗೆ ಬಿಡುತ್ತಿದ್ದಳು. "ಮದುವೆ ಆಗಿದ್ದು ಹೆಂಡ್ತೀನೋ ಅಗ್ನಿಶಾಮಕದವರನ್ನೋ?" ಎಂದು ಗ್ಲಿಗೋರ್ ಚಡ್ಡಿಯಲ್ಲೇ ನಡುಗುತ್ತ ಕೂಗಿದರೆ ಕೇರಿಗೆ ಕೇರಿಯೇ ನಗುತ್ತಿತ್ತು. ಹೊಗೆ ಎತ್ತ ಬಾಗಿದೆ ಎಂದು ಅವಳಷ್ಟು ಚೆನ್ನಾಗಿ ತಿಳಿದವರಿರಲಿಲ್ಲ. ಬಟ್ಟೆ ಒಣಹಾಕುವ ಮೊದಲು ನಾವೆಲ್ಲ ಮಕ್ಕಳನ್ನು ಓಡಿಸುತ್ತಿದ್ದೆವು: "ಬ್ಲಾಗಾ ಬಟ್ಟೆ ಹಾಕಿದ್ದಾಳಾ ನೋಡ್ಕೊಂಡ್ ಬಾ." ಅವಳು ಹಾಕಿದ್ದರೆ ನಾವೂ ಹಾಕುತ್ತಿದ್ದೆವು.

ಗ್ಲಿಗೋರ್ ಆ ಕಾರ್ಖಾನೆಯ ಮೂರನೇ ಕುಲುಮೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿವೃತ್ತಿಗೆ ಸಿಕ್ಕಿದ್ದು ಒಂದು ಗೋಡೆ ಗಡಿಯಾರ ಮತ್ತು ಒಂದು ಕೆಮ್ಮು. ಗಡಿಯಾರ ಬೇಗ ನಿಂತುಹೋಯಿತು. ಕೆಮ್ಮು ಮಾತ್ರ ಹೆಚ್ಚುತ್ತ ಹೋಗಿ, ಆಮೇಲೆ ಮನುಷ್ಯ ಮೆಟ್ಟಿಲಿಳಿಯುವುದನ್ನೇ ಬಿಟ್ಟ. ಹೀಗಿರುವಾಗ ಒಂದು ವರ್ಷ ಆ ಮೂರನೇ ಕುಲುಮೆಯ ಹೊಗೆ ಸೋಸುವ ಯಂತ್ರ ಕೆಟ್ಟು, ಕುಲುಮೆಯನ್ನೇ ಆರಿಸಿದರು. ಹೊಸ ಯಂತ್ರ ಹಾಕಿಸಲು ಮಾಲೀಕರಿಗೆ ಮನಸ್ಸಿರಲಿಲ್ಲ. ಆರಿದ್ದು ಆರಿಯೇ ಇತ್ತು. ನಮಗೆ ಅದಕ್ಕಿಂತ ಹಬ್ಬ ಬೇಕೆ? ಗ್ಲಿಗೋರ್ ಮೆಟ್ಟಿಲಿಳಿದ. ಸೇತುವೆಯವರೆಗೆ ನಡೆದ. ಹಳೆಯ ಗೆಳೆಯ ನೌಮ್ ಜೊತೆ ಪಗಡೆ ಆಡಿ ಜಗಳ ಮಾಡಿಕೊಂಡು ಬಂದ. ಬ್ಲಾಗೂನಾ ಗೋಡೆ ತಟ್ಟಿ ನನಗೆ ಹೇಳಿದಳು: "ಲೆತ್ಕಾ, ರಾತ್ರಿಯೆಲ್ಲ ಗೊರಕೆ ಹೊಡೆದ ಕಣೇ! ಕೆಮ್ಮೇ ಇಲ್ಲ, ಬರೀ ಗೊರಕೆ! ಎಷ್ಟು ಚೆನ್ನಾಗಿತ್ತು ಗೊತ್ತಾ!" ಗಂಡನ ಗೊರಕೆಯನ್ನು ಇಷ್ಟು ಮೆಚ್ಚಿದ ಹೆಂಗಸನ್ನು ನಾನು ಬೇರೆ ನೋಡಿಲ್ಲ.

ಆ ಸುಖ ಯಾರ ಕಣ್ಣಿಗೆ ಬಿತ್ತೋ. ಮರುವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ, ಹೊಸ ಯಂತ್ರ ಹಾಕಿಸದೆಯೇ ಮೂರನೇ ಕುಲುಮೆ ಹೊತ್ತಿಸುತ್ತೇವೆ ಎಂದು ಕಾರ್ಖಾನೆಯವರು ಅರ್ಜಿ ಹಾಕಿದರು. ಪರಿಸರದ ಕಚೇರಿಯವರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಒಂದು ತೀರ್ಮಾನ ಮಾಡಿದರು. ಒಂದು ತಿಂಗಳು ಪರೀಕ್ಷೆಗೆ ಹೊತ್ತಿಸಿ ನೋಡುವುದು. ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಸಭೆ. ಕೇರಿಯವರು ಬೇಕಾದರೆ ತಮ್ಮ ಗಾಳಿಯನ್ನು ತಾವೇ ಅಳೆದುಕೊಳ್ಳಲಿ, ಆ ಲೆಕ್ಕವನ್ನೂ ನೋಡುತ್ತೇವೆ ಎಂದರು. ಗ್ಲಿಗೋರನ ಡಾಕ್ಟರು ಬ್ಲಾಗೂನಾಳನ್ನು ಹೊರಗೆ ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು: ಆ ಕುಲುಮೆ ಮತ್ತೆ ಉರಿದರೆ ಇವರು ಈ ಚಳಿಗಾಲ ದಾಟುವುದಿಲ್ಲ. ಈ ಊರು ಬಿಟ್ಟು ಬೇರೆಡೆ ಹೋಗಲು ಅವರಿಗೆ ಬೇರೆ ಮನೆಯಿರಲಿಲ್ಲ, ಮಕ್ಕಳೂ ಇರಲಿಲ್ಲ.

ರಾಜಧಾನಿ ಸ್ಕೋಪ್ಯೆಯ ವಿಶ್ವವಿದ್ಯಾಲಯದಿಂದ ಸಿಮೋನಿದಾ ಎಂಬ ಹುಡುಗಿ ಬಂದಳು. ಅವಳ ಬಳಿ ಮೂರು ಬಿಳೀ ಪೆಟ್ಟಿಗೆಗಳಿದ್ದವು, ಒಂದೊಂದೂ ಅರ್ಧ ಬ್ರೆಡ್ಡಿನಷ್ಟು ದೊಡ್ಡದು. ಒಳಗೊಂದು ಪುಟ್ಟ ಫ್ಯಾನು ಗಾಳಿಯನ್ನು ಎಳೆದುಕೊಳ್ಳುತ್ತದೆ, ಎಷ್ಟು ಧೂಳಿದೆ ಎಂದು ಲೆಕ್ಕ ಹಾಕುತ್ತದೆ, ಫೋನಿನ ನಕ್ಷೆಯಲ್ಲಿ ಆ ಮನೆಯ ಮೇಲೆ ಒಂದು ಚುಕ್ಕೆ ಇಡುತ್ತದೆ. ಹಸಿರಾದರೆ ಒಳ್ಳೆಯ ಗಾಳಿ, ಹಳದಿಯಾದರೆ ಸುಮಾರು, ಕೆಂಪಾದರೆ ವಿಷ. ಯಾರ ಯಾರ ಬಾಲ್ಕನಿಯಲ್ಲಿ ಇಡೋಣ ಎಂದು ಕೇಳಿದಳು. ನನ್ನ ಪಾರ್ಲರು ಆಗುವುದಿಲ್ಲ ಎಂದಳು, ಕೂದಲಿಗೆ ಹೊಡೆಯುವ ಸ್ಪ್ರೇ ವಾಸನೆಗೇ ಪೆಟ್ಟಿಗೆಗೆ ಹುಚ್ಚು ಹಿಡಿಯುತ್ತದಂತೆ. ಒಂದು ನೌಮ್ ಮನೆಗೆ ಹೋಯಿತು. ಅವನು ನಿವೃತ್ತ ಸ್ಟೇಷನ್ ಮಾಸ್ಟರು, ನಮ್ಮ ಕೇರಿ ಸಮಿತಿಯ ಅಧ್ಯಕ್ಷ. ಅವನಿಲ್ಲದೆ ಇಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂದು ಅವನೇ ನಂಬಿದ್ದಾನೆ. ಇನ್ನೊಂದು ಮೂಲೆ ದಿನಸಿ ಅಂಗಡಿಯ ಸ್ಟೋಯ್ನಾ ಮನೆಗೆ. ಮೂರನೆಯದು ಬ್ಲಾಗೂನಾಳಿಗೆ, ಯಾಕೆಂದರೆ ಅವಳ ಬಾಲ್ಕನಿ ನೇರವಾಗಿ ಮೂರನೇ ಚಿಮಣಿಯ ಮುಖಕ್ಕೇ ಇದೆ.

ಕುಲುಮೆ ಹೊತ್ತಿತು. ಅಲ್ಲಿಯವರೆಗೆ ಹಳದಿಯಿದ್ದ ಮೂರು ಚುಕ್ಕೆಗಳೂ ಒಂದೆರಡು ದಿನದಲ್ಲೇ ಕೆಂಪಾದವು. ಜನರ ಸಂಭ್ರಮ ನೋಡಬೇಕಿತ್ತು! ಉಸಿರು ಕಟ್ಟುತ್ತಿದೆ, ಗಂಟಲು ಕೆರೆಯುತ್ತಿದೆ, ಆದರೆ ಎಲ್ಲರ ಮುಖದಲ್ಲೂ ಗೆಲುವು. "ನಂದು ನಿನ್ನದಕ್ಕಿಂತ ಕೆಂಪು ನೋಡು" ಎಂದು ಸ್ಟೋಯ್ನಾ ಅಂಗಡಿಯಲ್ಲಿ ಫೋನು ತೋರಿಸುತ್ತಿದ್ದಳು. ನೌಮ್ ಬಂದವರಿಗೆಲ್ಲ ಹೇಳುತ್ತಿದ್ದ: "ಇಷ್ಟು ವರ್ಷ ನಾವು ಬಾಯಲ್ಲಿ ಹೇಳಿದ್ವಿ, ಯಾರೂ ಕೇಳ್ಲಿಲ್ಲ. ಈಗ ಪೆಟ್ಟಿಗೆ ಹೇಳ್ತಿದೆ. ಪೆಟ್ಟಿಗೆಗೆ ಸುಳ್ಳು ಹೇಳೋಕೆ ಬರಲ್ಲ." ಆ ಮಾತನ್ನು ಮಾತ್ರ ಅವನು ಸರಿಯಾಗಿಯೇ ಹೇಳಿದ್ದ. ಸುಳ್ಳು ಹೇಳಲು ಬರುವುದು ಮನುಷ್ಯರಿಗೆ.

ಅಷ್ಟರಲ್ಲಿ ಮೆಲ್ಬರ್ನಿನಿಂದ ಬ್ಲಾಗೂನಾಳ ನಾದಿನಿಯ ಫೋನು ಬಂತು. ನಾನು ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದೆ, ಅವಳ ಧ್ವನಿ ನನಗೂ ಕೇಳಿಸಿತು.

"ಬ್ಲಾಗಾ, ಫೋನಲ್ಲಿ ನಿಮ್ ಮನೆ ಕೆಂಪಗೆ ಉರೀತಿದೆಯಲ್ಲೇ! ಏನಾಯ್ತು? ಮೊದ್ಲು ಎಷ್ಟು ಚೊಕ್ಕಟವಾಗಿ ಇಟ್ಕೊಂಡಿದ್ದೆ. ವಯಸ್ಸಾಯ್ತು, ಕೈ ಸೋತೋಯ್ತು ಅನ್ಸುತ್ತೆ ಪಾಪ."

ಬ್ಲಾಗೂನಾ ಫೋನು ಕೆಳಗಿಟ್ಟಾಗ ಅವಳ ಕಿವಿಯೂ ನಕ್ಷೆಯ ಚುಕ್ಕೆಯಷ್ಟೇ ಕೆಂಪಾಗಿತ್ತು. "ಕೇಳಿಸ್ಕೊಂಡ್ಯಾ? ಆಸ್ಟ್ರೇಲಿಯಾದಲ್ಲಿ ಕೂತವಳಿಗೂ ನನ್ ಮನೆ ಕೊಳಕು ಅಂತ ಕಾಣುತ್ತಂತೆ!"

"ಅದು ನಿನ್ ಮನೆ ಕೊಳಕಲ್ಲ ಮಾರಾಯ್ತಿ, ಕಾರ್ಖಾನೆ ಗಾಳಿ."

"ಗಾಳಿ ಎಲ್ಲಿಂದಾದ್ರೂ ಬರ್ಲಿ, ನನ್ ಬಾಲ್ಕನಿಗೆ ಬಂದ್ಮೇಲೆ ನಂದೇ."

ಅಂದೇ ಅವಳು ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಬಟ್ಟೆಗೆ ಕಪ್ಪು ಹತ್ತಿತು. "ನೋಡು, ಪಾಪ ಇದಕ್ಕೇ ಇಷ್ಟು ಕೊಳೆ ಹಿಡಿದಿದೆ! ಕೊಳೆ ಹಿಡಿದ ತಕ್ಕಡಿ ಸರಿಯಾಗಿ ತೂಗುತ್ತಾ?" ಎಂದಳು. ಆಮೇಲೆ ಅವಳು ಮಾಡಿದ್ದನ್ನು ನಮ್ಮ ಕೇರಿಯ ಯಾವ ಹೆಂಗಸಾದರೂ ಮಾಡುತ್ತಿದ್ದಳು. ನಮ್ಮ ಮನೆಗಳಲ್ಲಿ ಟೀವಿಯ ರಿಮೋಟಿಗೆ ನೈಲಾನ್ ಚೀಲ ಇರುತ್ತದೆ, ಹೊಸ ಸೋಫಾಕ್ಕೆ ಪ್ಲಾಸ್ಟಿಕ್ ಇರುತ್ತದೆ, ಟೆಲಿಫೋನಿಗೆ ಹೆಣೆದ ಬಟ್ಟೆ ಇರುತ್ತದೆ. ಮನೆಗೆ ಬಂದ ಬೆಲೆಬಾಳುವ ವಸ್ತುವನ್ನು ಬೆತ್ತಲೆ ಇಡುವುದು ಮರ್ಯಾದಸ್ಥರ ಲಕ್ಷಣವಲ್ಲ. ಬ್ಲಾಗೂನಾ ಪೆಟ್ಟಿಗೆಗೆ ಮೊದಲು ನೈಲಾನ್ ಚೀಲ ತೊಡಿಸಿ, ಬಾಯಿಗೆ ರಬ್ಬರ್ ಬ್ಯಾಂಡು ಸುತ್ತಿದಳು. ಅದರ ಮೇಲೆ ಬಿಳೀ ಕ್ರೋಶಾದ ಮುಸುಕು, ಅಂಚಿಗೆ ಗುಲಾಬಿ ಬಳ್ಳಿ. ಒಳಗಿನ ಪುಟ್ಟ ದೀಪ ಹೆಣಿಗೆಯ ಸಂದಿನಿಂದ ಮಿನುಗುತ್ತಿತ್ತು. ಚೆನ್ನಾಗಿಯೇ ಇತ್ತು, ನಾನೂ ಹೊಗಳಿದೆ.

ಮರುದಿನ ಅವಳ ಚುಕ್ಕೆ ಹಸಿರಾಯಿತು. ಕೂಡಲೇ ಮೆಲ್ಬರ್ನಿಗೆ ಫೋನು ಹೋಯಿತು.

ಸ್ಟೋಯ್ನಾಳಿಗೆ ನಿದ್ದೆ ಬರಲಿಲ್ಲ. ಬ್ಲಾಗಾಳ ಮನೆ ಹಸಿರು, ತನ್ನದು ಕೆಂಪು ಎಂದರೇನು? ನಿನ್ನೆಯವರೆಗೆ ಯಾವ ಕೆಂಪನ್ನು ಮೆರೆಸುತ್ತಿದ್ದಳೋ ಅದೇ ಈಗ ಅವಳ ಮರ್ಯಾದೆಗೆ ಮಸಿಯಾಯಿತು. ಬಂದು ಮುಸುಕನ್ನು ಮುಟ್ಟಿ ಮುಟ್ಟಿ ನೋಡಿ, "ನಂಗೂ ಒಂದು ಹೆಣೆದುಕೊಡೇ ಬ್ಲಾಗಾ, ಗುಲಾಬಿ ಬೇಡ, ದ್ರಾಕ್ಷಿ ಗೊಂಚಲು ಹಾಕು" ಎಂದು ಗೋಗರೆದಳು. ನೌಮ್ ಹೆಂಡತಿ ಸತ್ತವನು. ಅವನ ಪೆಟ್ಟಿಗೆ ಅನಾಥವಾಗಿದೆ ಎಂದು ಮರುಗಿ, ಬ್ಲಾಗೂನಾಳೇ ಒಂದು ಹೆಣೆದು ಕೊಂಡೊಯ್ದು ತೊಡಿಸಿ ಬಂದಳು. ಎಲ್ಲಕ್ಕೂ ಒಳಗೆ ನೈಲಾನ್ ಚೀಲ, ಮೇಲೆ ಹೆಣಿಗೆ; ವಾರದೊಳಗೆ ಮೂರೂ ಹಸಿರು.

ನನಗೊಂದು ಅನುಮಾನ ಬಂದು ನೌಮ್‌ನನ್ನು ಕೇಳಿದೆ. "ಅಲ್ಲಾ, ಎಲ್ಲ ಹಸಿರಾದ್ರೆ ಅದು ಕಾರ್ಖಾನೆಗೇ ಒಳ್ಳೇದಾಗಲ್ವಾ?"

"ಲೆತ್ಕಾ, ನೀನು ಕೂದಲು ಕತ್ತರಿಸು, ಇದು ನಂಗೆ ಬಿಡು" ಎಂದ. "ಬಣ್ಣ ಬರೀ ತೋರಿಕೆ. ಲೆಕ್ಕ ಒಳಗೊಳಗೆ ನಡೀತಾ ಇರುತ್ತೆ. ಸಿಗ್ನಲ್ ಬಣ್ಣ ಬದಲಾದ್ರೆ ಟಿಕೆಟ್ ಲೆಕ್ಕ ಬದಲಾಗುತ್ತಾ?"

ಸ್ಟೇಷನ್ ಮಾಸ್ಟರು ಸಿಗ್ನಲ್ ವಿಷಯ ಹೇಳಿದರೆ ಎದುರಾಡುವವರು ಯಾರು? ನಾನು ಹೋಗಿ ಕೂದಲು ಕತ್ತರಿಸಿದೆ. ಸಿಮೋನಿದಾ ಒಮ್ಮೆ ಫೋನು ಮಾಡಿ, "ಚಿಕ್ಕಮ್ಮ, ಪೆಟ್ಟಿಗೆ ಸುತ್ತ ಏನಾದ್ರೂ ಅಡ್ಡ ಇದೆಯಾ?" ಎಂದು ಕೇಳಿದ್ದಳಂತೆ. "ಅಡ್ಡ ಏನೂ ಇಲ್ಲ ಮಗಳೇ. ಒಂದು ಧೂಳಿನ ಕಣಾನೂ ಮುಟ್ಟೋಕೆ ಬಿಟ್ಟಿಲ್ಲ" ಎಂದು ಬ್ಲಾಗೂನಾ ಹೆಮ್ಮೆಯಿಂದ ಹೇಳಿದ್ದಳು. ಹುಡುಗಿಗೆ ಹತ್ತೂರಿನ ಪೆಟ್ಟಿಗೆಗಳ ಉಸ್ತುವಾರಿ ಇತ್ತು. ಪರೀಕ್ಷೆಯ ತಿಂಗಳು ಮುಗಿದು ಕುಲುಮೆ ಆರಿಸಿದ ಮೇಲೆ, ಸಭೆಗೆ ಎರಡು ದಿನ ಮುಂಚೆಯಷ್ಟೇ ಅವಳಿಗೆ ಬರಲು ಆಯಿತು.

ಬ್ಲಾಗೂನಾ ಅವಳಿಗೆ ಮನೆಯ ಕ್ರಮದಂತೆ ಅಂಜೂರದ ಪಾಕವನ್ನು ಚಮಚದಲ್ಲಿಟ್ಟು, ಜೊತೆಗೊಂದು ಲೋಟ ತಣ್ಣೀರು ಕೊಟ್ಟಳು. ಹುಡುಗಿ ತಿಂದು, ಹೊಗಳಿ, ಬಾಲ್ಕನಿಗೆ ಹೋದಳು. ಮುಸುಕು ತೆಗೆದಳು. ರಬ್ಬರ್ ಬ್ಯಾಂಡು ಬಿಚ್ಚಿದಳು. ಚೀಲದ ಒಳಮೈಗೆ ನೀರ ಹನಿ ಕಟ್ಟಿತ್ತು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಚಿಕ್ಕಮ್ಮಾ, ಇದನ್ಯಾಕೆ ಮುಚ್ಚಿದ್ರಿ?"

"ಧೂಳು ಹೋಗ್ತಿತ್ತು ಮಗಳೇ."

"ಧೂಳನ್ನೇ ಅಳೀಬೇಕಿತ್ತು ಇದು."

ಬ್ಲಾಗೂನಾ ಒಮ್ಮೆ ಪೆಟ್ಟಿಗೆ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾದದ್ದು ನನಗೆ ಕಂಡಿತು. ನನಗೂ ಆಗಲೇ ಅರ್ಥವಾದದ್ದು, ಸುಳ್ಳೇಕೆ ಹೇಳಲಿ. ಒಳಗೆ ಮಂಚದ ಮೇಲೆ ಒರಗಿದ್ದ ಗ್ಲಿಗೋರ್ ಎಲ್ಲ ಕೇಳಿಸಿಕೊಂಡು ನಗತೊಡಗಿದ. ಪರೀಕ್ಷೆಯ ಕುಲುಮೆ ಹೊತ್ತಿದಾಗಿನಿಂದ ಅವನು ಮತ್ತೆ ಹಾಸಿಗೆ ಹಿಡಿದಿದ್ದ. "ಏ ಬ್ಲಾಗಾ, ಅದಕ್ಕೂ ಸ್ನಾನ ಮಾಡ್ಸಿ ಬಟ್ಟೆ ಹಾಕಿಬಿಟ್ಯಲ್ಲೇ!" ಎಂದ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಬ್ಲಾಗೂನಾ ಓಡಿಹೋಗಿ ಬೆನ್ನು ನೀವುತ್ತ ನಿಂತಳು.

ಸಿಮೋನಿದಾ ಕಣ್ಣೊರೆಸಿಕೊಂಡು ವಿಷಯ ಬಿಡಿಸಿ ಹೇಳಿದಳು. ಕೆಟ್ಟದ್ದು ಇನ್ನೂ ಸರಿಹೋಗಬಹುದಿತ್ತು. ಮೂರು ಮನೆಯವರೂ ಸಭೆಯಲ್ಲಿ ಎದ್ದು ನಿಂತು, ನಮ್ಮ ಪೆಟ್ಟಿಗೆಗಳು ಮುಚ್ಚಿದ್ದವು ಎಂದರೆ ಇಡೀ ಅಳತೆಯೇ ರದ್ದು. ಮತ್ತೆ ಅಳೆಯದೆ ತೀರ್ಮಾನ ಮಾಡುವ ಹಾಗಿಲ್ಲ. ಅಷ್ಟರಲ್ಲಿ ಚಳಿಗಾಲ ಕಳೆಯುತ್ತದೆ, ಕುಲುಮೆ ಆರಿರುತ್ತದೆ. ಆದರೆ ಒಬ್ಬರೇ ಹೇಳಿದರೆ ಅವರದೊಂದನ್ನು ಬಿಟ್ಟು ಉಳಿದೆರಡು ಹಸಿರು ಚುಕ್ಕೆಗಳನ್ನು ಹಿಡಿದುಕೊಳ್ಳುತ್ತಾರೆ.

"ಅಷ್ಟೇ ತಾನೇ? ಹೇಳಿದ್ರಾಯ್ತು" ಎಂದಳು ಬ್ಲಾಗೂನಾ. ಸಂಜೆಯೇ ನಾವಿಬ್ಬರೂ ಹೋದೆವು. ಸ್ಟೋಯ್ನಾ ಎದೆ ಮುಟ್ಟಿಕೊಂಡು, "ಗ್ಲಿಗೋರ್ ಜೀವದ ಪ್ರಶ್ನೆ ಕಣೇ, ನಾವೇನು ಮನುಷ್ಯರಲ್ವಾ?" ಎಂದಳು. ನೌಮ್ ಇನ್ನೂ ಒಂದು ಕೈ ಮುಂದೆ ಹೋದ. "ನಾನೇ ಮೊದ್ಲು ಎದ್ದು ನಿಲ್ತೀನಿ. ಅಧ್ಯಕ್ಷ ಅಂದ್ಮೇಲೆ ಮುಂದೆ ಇರ್ಬೇಕು" ಎಂದು ಬ್ಲಾಗೂನಾಳ ಕೈ ಹಿಡಿದು ಕುಲುಕಿದ. ಅವನ ಬಾಲ್ಕನಿಯ ಪೆಟ್ಟಿಗೆಯ ಮೇಲೆ ಮುಸುಕು ಆಗಲೇ ಇರಲಿಲ್ಲ. ಸ್ಟೋಯ್ನಾ ಮನೆಯಲ್ಲೂ ಇರಲಿಲ್ಲ. ನಮ್ಮ ಕೇರಿಯಲ್ಲಿ ಸುದ್ದಿ ನಮಗಿಂತ ಬೇಗ ಮೆಟ್ಟಿಲು ಹತ್ತುತ್ತದೆ. ತಪ್ಪು ಗೊತ್ತಾಯಿತು, ತೆಗೆದರು, ಸರಿಯೇ ಆಯಿತು ಎಂದುಕೊಂಡೆವು. ಮರುದಿನ ಸಿಮೋನಿದಾ ನೋಡಲು ಹೋದಾಗ ಅವಳಿಗೆ ಕಂಡದ್ದು ಬರಿಯ ಪೆಟ್ಟಿಗೆಗಳು.

ಸಭೆ ಸಾಂಸ್ಕೃತಿಕ ಭವನದಲ್ಲಿ. ವೇದಿಕೆಯ ಮೇಲೆ ಪರಿಸರ ಕಚೇರಿಯ ಅಧಿಕಾರಿ, ಪಕ್ಕದಲ್ಲಿ ಕಾರ್ಖಾನೆಯ ವಕೀಲ. ವಕೀಲ ಎಳೆಯ ಪ್ರಾಯದವನು, ಮಾತು ಬೆಣ್ಣೆ. ಅವನು ನಕ್ಷೆಯನ್ನು ದೊಡ್ಡ ಪರದೆಯ ಮೇಲೆ ತೋರಿಸಿದ. "ನೋಡಿ, ಇದು ನಮ್ಮ ಲೆಕ್ಕ ಅಲ್ಲ, ಕೇರಿಯವರದ್ದೇ. ಕುಲುಮೆ ಹೊತ್ತಿಸೋಕೆ ಮುಂಚೆ ಹಳದಿ. ಹೊತ್ತಿಸಿದ ಮೇಲೆ, ಮೊದಲ ಕೆಲವು ದಿನ ಬಿಟ್ರೆ, ಬರೀ ಹಸಿರು. ನಮ್ಮ ಕುಲುಮೆಯಿಂದ ಗಾಳಿ ಸುಧಾರಿಸಿದೆ!" ಎಂದ. ಇಂಥ ಮಾತನ್ನು ನಗದೆ ಹೇಳಲು ಎಷ್ಟು ಓದಿರಬೇಕೋ.

ಸಿಮೋನಿದಾ ಎದ್ದು, ಪೆಟ್ಟಿಗೆಗಳು ಮುಚ್ಚಿದ್ದವು ಎಂದಳು. "ಮೂರನ್ನೂ ಮುಚ್ಚಿದ್ದು ನೀವು ಕಣ್ಣಾರೆ ನೋಡಿದ್ರಾ?" ಎಂದು ಅಧಿಕಾರಿ ಕೇಳಿದ. ಒಂದನ್ನು ಮಾತ್ರ ನೋಡಿದೆ ಎಂದಳು, ಸುಳ್ಳು ಹೇಳಲು ಬಾರದ ಹುಡುಗಿ. "ಹಾಗಾದ್ರೆ ಮನೆಯವರೇ ಹೇಳ್ಲಿ" ಎಂದ.

ಮೊದಲು ಏಳುತ್ತೇನೆ ಎಂದಿದ್ದ ನೌಮ್ ತನ್ನ ಶೂ ನೋಡುತ್ತ ಕೂತಿದ್ದ. ಬ್ಲಾಗೂನಾ ಎದ್ದಳು. ಭಾನುವಾರ ಚರ್ಚಿಗೆ ಹಾಕುವ ಕೋಟು ಹಾಕಿದ್ದಳು. "ನಂದು ಮುಚ್ಚಿತ್ತು ಸಾರ್. ನಾನೇ ಮುಚ್ಚಿದ್ದೆ. ಕೊಳೆ ಆಗ್ಬಾರ್ದು ಅಂತ ನೈಲಾನ್ ಹಾಕಿ, ಮೇಲೆ ಹೆಣೆದಿದ್ದು ಹಾಕಿದ್ದೆ."

"ಹೆಣೆದಿದ್ದು ಅಂದ್ರೆ?" ಎಂದ ವಕೀಲ. "ಪೆಟ್ಟಿಗೆಗೆ ಲಂಗ ತೊಡಿಸಿದ್ರಾ ಅಮ್ಮಾವ್ರೇ?"

ಭವನವೇ ಬಿದ್ದು ಬಿದ್ದು ನಕ್ಕಿತು. ಅಧಿಕಾರಿ ನಕ್ಕ. ನಮ್ಮ ಕೇರಿಯವರೂ ನಕ್ಕರು. ಸ್ಟೋಯ್ನಾ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುವುದನ್ನು ನಾನು ಈ ಎರಡು ಕಣ್ಣಿಂದ ನೋಡಿದೆ. ಬ್ಲಾಗೂನಾ ನಗು ಮುಗಿಯುವವರೆಗೆ ನಿಂತೇ ಇದ್ದಳು.

"ಬೇರೆಯವರದ್ದೂ ಮುಚ್ಚಿತ್ತಾ?" ಎಂದ ಅಧಿಕಾರಿ.

"ಅವರದ್ದು ಅವರೇ ಹೇಳ್ತಾರೆ" ಎಂದು ಬ್ಲಾಗೂನಾ ವೇದಿಕೆಗೆ ಬೆನ್ನು ಮಾಡಿ, ನಾವು ಕೂತಿದ್ದ ಸಾಲುಗಳ ಕಡೆ ತಿರುಗಿ ನಿಂತಳು.

ನೌಮ್ ಎದ್ದ. ಗಂಟಲು ಸರಿಮಾಡಿಕೊಂಡ. ತನ್ನ ಬೋಳು ತಲೆಯ ಮೇಲೆ ಕೈಯಾಡಿಸಿ ಹೇಳಿದ: "ನನ್ ಪೆಟ್ಟಿಗೆ ನನ್ ತಲೆ ಇದ್ದಂಗೆ ಸಾರ್. ಮೇಲೊಂದು ಎಳೆ ಇಲ್ಲ!"

ಮತ್ತೆ ನಗು. ಈ ಸಲ ಮೆಚ್ಚುಗೆಯ ನಗು. ಸ್ಟೋಯ್ನಾ ಕೂತಲ್ಲಿಂದಲೇ "ನಂದೂ ಹಾಗೇ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಕುರ್ಚಿ ಬೀಳುವ ಹಾಗೆ ಎದ್ದು ಕೂಗಿದೆ: "ನೌಮ್, ನಿನ್ ನಾಲಗೆಗೆ ಹುಳ ಬೀಳ! ದ್ರಾಕ್ಷಿ ಗೊಂಚಲು ಬೇಕು ಅಂದವಳು ಯಾರೇ ಸ್ಟೋಯ್ನಾ?"

"ನಿಮ್ ಮನೇಲಿ ಪೆಟ್ಟಿಗೆ ಇತ್ತೇನಮ್ಮಾ?" ಎಂದ ಅಧಿಕಾರಿ.

"ಇರ್ಲಿಲ್ಲ, ಆದ್ರೆ ನಾನು ನೋಡಿದೀನಿ..."

"ಹಾಗಾದ್ರೆ ಕೂತ್ಕೊಳಿ. ಇಲ್ಲಾಂದ್ರೆ ಹೊರಗೆ ಹೋಗಿ."

ಬ್ಲಾಗೂನಾಳ ಪೆಟ್ಟಿಗೆಯ ಲೆಕ್ಕ ಕೈಬಿಟ್ಟರು. ಉಳಿದೆರಡು ಹಸಿರು ಚುಕ್ಕೆಗಳನ್ನು ಹಿಡಿದು ಅನುಮತಿ ಕೊಟ್ಟರು. ಕುಲುಮೆ ಮತ್ತೆ ಹೊತ್ತಿತು.

ಅವರಿಬ್ಬರಿಗೂ ಯಾರೂ ಲಂಚ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ, ಬಡವರು, ಆಸೆಬಿದ್ದರು ಎಂದುಕೊಳ್ಳುತ್ತಿದ್ದೆ. ಅವರು ಹೆದರಿದ್ದು ನಗುವಿಗೆ. ಕೋಟು ಹಾಕಿದ ನಾಲ್ಕು ಜನರ ಮುಂದೆ 'ಹಳ್ಳಿಗಮಾರರು' ಅನ್ನಿಸಿಕೊಳ್ಳುವುದಕ್ಕಿಂತ ನೆರೆಮನೆಯವನ ಉಸಿರು ನಿಂತರೂ ಪರವಾಗಿಲ್ಲ ಎನ್ನಿಸಿತು. ಆಮೇಲೆ ಕೇರಿಯಲ್ಲಿ ಹೊಸ ಕತೆ ಶುರುವಾಯಿತು. ಎಲ್ಲ ಹಾಳು ಮಾಡಿದ್ದು ಬ್ಲಾಗೂನಾಳ ಕ್ರೋಶಾ ಅಂತೆ. ಸ್ಟೋಯ್ನಾ ನನ್ನ ಪಾರ್ಲರಿಗೇ ಬಂದು, "ಆ ಪೆದ್ದಿಯಿಂದ ನಾವೆಲ್ಲ ಹೊಗೆ ಕುಡಿಯೋ ಹಾಗಾಯ್ತು" ಎಂದಳು. ಅರ್ಧ ತಲೆಗೆ ಬಣ್ಣ ಹಚ್ಚಿದ್ದೆ. ಅರ್ಧ ಹಚ್ಚಿದ ತಲೆಯಲ್ಲೇ ಎಬ್ಬಿಸಿ ಬೀದಿಗೆ ಕಳಿಸಿದೆ.

ಬ್ಲಾಗೂನಾ ಮಾತ್ರ ಯಾರಿಗೂ ಒಂದು ಮಾತು ಆಡಲಿಲ್ಲ. ನನಗೆ ಅರ್ಥವಾಗದೆ ಹೋದದ್ದು ನೌಮ್‌ನ ವಿಷಯ. ಅವನು ಏನೂ ಆಗದವನ ಹಾಗೆ ಗ್ಲಿಗೋರನ ಮಂಚದ ಪಕ್ಕ ಪಗಡೆ ಹಾಸಿಕೊಂಡು ಕೂರುತ್ತಿದ್ದ, ಇವಳು ಅವನಿಗೆ ಕಾಫಿ ಮಾಡಿಕೊಡುತ್ತಿದ್ದಳು. "ಅವನ ಕಾಫಿಗೆ ಇಲಿಪಾಷಾಣ ಹಾಕೇ" ಎಂದು ನಾನು ಗೋಡೆಯಾಚೆಯಿಂದ ಬೈದರೆ, "ಗ್ಲಿಗೋರ್‌ಗೆ ಆಡೋಕೆ ಇನ್ಯಾರಿದಾರೆ?" ಅನ್ನುತ್ತಿದ್ದಳು.

ಡಾಕ್ಟರು ಹೇಳಿದ ಹಾಗೇ ಆಯಿತು. ಚಳಿ ಜೋರಾದಾಗ ಹೊಗೆ ಕೇರಿಯ ಮೇಲೆ ಕಂಬಳಿಯ ಹಾಗೆ ಬಿದ್ದುಕೊಂಡಿತು. ಗ್ಲಿಗೋರ್ ಕಿಟಕಿಯ ಬಳಿ ಕೂತು, ಬಾಯಿ ತೆರೆದು ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದ. ಒಂದು ಬೆಳಗ್ಗೆ ಗೋಡೆಯಾಚೆ ಕೆಮ್ಮು ಕೇಳಿಸಲಿಲ್ಲ. ಕಾಫಿಯ ವಾಸನೆಯೂ ಬರಲಿಲ್ಲ. ನಾನು ಗಿರಾಕಿಯನ್ನು ಬಿಟ್ಟು ಓಡಿದೆ. ಬ್ಲಾಗೂನಾ ಅವನ ಮುಖ ಒರೆಸುತ್ತಿದ್ದಳು.

ಅವನು ಹೋದ ನಲವತ್ತನೆಯ ದಿನ, ನಮ್ಮ ಪದ್ಧತಿಯಂತೆ ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದು, ಅವಳ ಮನೆಯಲ್ಲೇ ಊಟ. ಬೇಯಿಸಿದ ಗೋಧಿ, ಮಡಕೆಯ ಬೀನ್ಸ್ ಕಾಳು, ಮೀನು. ಕೇರಿಯವರೆಲ್ಲ ಬಂದಿದ್ದರು. ಸಾವಿನ ಊಟಕ್ಕೆ ಬಾರದಿದ್ದರೆ ಜನ ಏನಂದಾರು? ಸ್ಟೋಯ್ನಾ ಎರಡು ಲೋಟ ವೈನ್ ಕುಡಿದು ಕಣ್ಣೀರು ಹಾಕಿದಳು. "ದೇವರು ಅವನ ಪಾಪ ಕ್ಷಮಿಸ್ಲಿ. ಆ ಹಾಳು ಕಾರ್ಖಾನೆ ತಿಂದಾಕ್ತು ನಮ್ ಗ್ಲಿಗೋರ್‌ನ! ಕೇಳೋರೇ ಇಲ್ಲ!" ನೌಮ್ ಲೋಟ ಹಿಡಿದು ಎದ್ದ. "ನನ್ ಜೀವದ ಗೆಳೆಯ. ನಾವು ಸುಮ್ನೆ ಬಿಡಲ್ಲ, ಸಮಿತಿಯಿಂದ ಮತ್ತೆ ಅರ್ಜಿ ಹಾಕ್ತೀವಿ" ಎಂದು ಶುರುಮಾಡಿದ.

ಬ್ಲಾಗೂನಾ ಸೌಟು ಹಿಡಿದು ಅವನ ಪಕ್ಕದಲ್ಲೇ ನಿಂತಿದ್ದಳು. ಅವನ ತಟ್ಟೆಗೆ ಬೀನ್ಸ್ ಕಾಳು ಬಡಿಸಿದಳು.

"ಕೂತ್ಕೊ ನೌಮ್, ತಣ್ಣಗಾಗುತ್ತೆ" ಎಂದಳು. ಅವನು ಕೂತ. "ಅವತ್ತು ಸಭೇಲಿ ನಾನು ತಿರುಗಿ ನಿಂತೆನಲ್ಲ, ನಿಮ್ಮಿಬ್ಬರನ್ನ ಕಾಯ್ತಿದ್ದೆ. ಬೇರೇನೂ ಇಲ್ಲ. ಜನ ನಕ್ಕಿದ್ದು ನಂಗೇನೂ ಅನ್ನಿಸ್ಲಿಲ್ಲ. ಇನ್ನಿಬ್ಬರು ಜೊತೆಗೆ ನಿಂತ್ರೆ ನಗು ಮೂರು ಪಾಲಾಗ್ತಿತ್ತು, ಅಷ್ಟೇ. ಗ್ಲಿಗೋರ್ ಬದುಕ್ತಿದ್ದ."

ಅವಳ ಧ್ವನಿ ಏರಲಿಲ್ಲ.

"ನಾನು ಮನೆಗೆ ಬಂದ ತಕ್ಷಣ ಗ್ಲಿಗೋರ್ ಕೇಳ್ದ. ನೌಮ್ ಹೇಳಿದ್ನಾ ಅಂತ. ಹೇಳಿದ, ಎಲ್ರಿಗಿಂತ ಮೊದ್ಲು ಎದ್ದು ನಿಂತ, ಅವರೇ ಕೇಳ್ಲಿಲ್ಲ ಅಂದೆ. ಸಾಯೋ ಮನುಷ್ಯನಿಗೆ ಇರೋ ಒಬ್ಬ ಗೆಳೆಯನನ್ನೂ ಕಿತ್ಕೊಳ್ಳೋದಾ? ನೀನು ಬಂದಾಗ್ಲೆಲ್ಲ ದಾಳ ನಿಂಗೇ ಮೊದ್ಲು ಕೊಡ್ತಿದ್ದ, ಗೊತ್ತಾಯ್ತಾ ನಿಂಗೆ? ನಲವತ್ತು ವರ್ಷ ಜಗಳ ಮಾಡಿ ಮೊದಲ ಆಟ ತಾನೇ ಆಡ್ತಿದ್ದವನು. ನೌಮ್ ಗಂಡಸು ಕಣೇ, ನಂಗೋಸ್ಕರ ಎದ್ದು ನಿಂತ ಅಂತಿದ್ದ. ಹಾಗೇ ನಂಬ್ಕೊಂಡು ಹೋದ."

ನೌಮ್‌ನ ಮುಖ ಬೂದಿಯಾಗಿತ್ತು. ಸ್ಟೋಯ್ನಾ ಕರವಸ್ತ್ರ ಹುಡುಕುತ್ತಿದ್ದಳು. ಬ್ಲಾಗೂನಾ ಅವಳ ಬಳಿ ಹೋಗಿ ಅವಳಿಗೂ ಬಡಿಸಿದಳು. "ತಿನ್ನು ಸ್ಟೋಯ್ನಾ" ಎಂದಳು.

ಊಟ ಅರ್ಧಕ್ಕೆ ಬಿಟ್ಟೆದ್ದರೆ ಸತ್ತವನಿಗೆ ಅವಮಾನ ಎನ್ನುತ್ತಾರೆ ನಮ್ಮಲ್ಲಿ. ಯಾರೂ ಏಳಲಿಲ್ಲ. ಎಲ್ಲರೂ ತಟ್ಟೆ ಖಾಲಿ ಮಾಡಿ, ಕೈ ತೊಳೆದುಕೊಂಡೇ ಹೋದರು.